ಕ್ಯಾಂಟನೀಸ್‌ನಲ್ಲಿ 'ತಲೆ ಕೆರೆದುಕೊಳ್ಳೋಕೂ ಪುರುಸೊತ್ತಿಲ್ಲ' ಅನ್ನೋದು ಹೇಗೆ?

ಹಾಂಕಾಂಗ್ ಆಫೀಸಿಗೆ ಹೊರಟಿದ್ದೀರಿ, ಅಲ್ಲಿಯವರ ಮಾತು ಕ್ಯಾಂಟನೀಸ್‌ನಲ್ಲಿ ಕೆಲಸ ಜಾಸ್ತಿ ಇದೆ ಅನ್ನೋದಕ್ಕೆ 'ಹೋ ಮೊಂಗ್' ಸಾಕಾ ಅಂತ ಕೇಳಿದ್ದೀರಿ. ಅರ್ಥವೇನೋ ಆಗುತ್ತದೆ, ಆದರೆ 'ತುಂಬಾ ಬ್ಯುಸಿ' ಅಂದಷ್ಟೇ ಸಪ್ಪೆ.

ನಾನಿದ್ದ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು 'ಮೊಂಗ್ ತೋ ಥೆಕ್ ಸಾಯ್ ಕ್ಯೋಕ್'. ಥೆಕ್ ಅಂದರೆ ಒದೆಯೋದು, ಕ್ಯೋಕ್ ಅಂದರೆ ಕಾಲು. ಕಾಲಿಗೆ ಬಿಡುವೇ ಇಲ್ಲ ಅಂತ. ನಡುವಿನ 'ತೋ' ಗಮನಿಸಿ, ಅದು ನಮ್ಮ 'ಅಷ್ಟು' ಇದ್ದ ಹಾಗೆ, ಕ್ರಮ ಮಾತ್ರ ಉಲ್ಟಾ: ನಾವು 'ಸಾಯೋಷ್ಟು ಕೆಲಸ' ಅಂದರೆ ಅವರು ಕೆಲಸ ಮೊದಲು ಹೇಳಿ, ಎಷ್ಟು ಅನ್ನೋದನ್ನು ಆಮೇಲೆ ಹೇಳುತ್ತಾರೆ. 'ಚೋ ತೋ ಅವ್' ಅಂದರೆ ವಾಂತಿ ಬರೋಷ್ಟು ದುಡಿತ. ಇದು ಗೆಳೆಯರ ಹತ್ತಿರ ಮಾತ್ರ!

ಎಲ್ಲಾ ಕೆಲಸ ಒಬ್ಬರ ತಲೆಗೇ ಬಿದ್ದರೆ 'ಯತ್ ಕ್ಯೋಕ್ ಥೆಕ್', ಒಂದೇ ಒದೆ. ಹಿಂದೆ ಅಡುಗೆ, ಬಟ್ಟೆ, ಮಗು ಎಲ್ಲವನ್ನೂ ಒಬ್ಬಳೇ ನೋಡಿಕೊಳ್ಳುತ್ತಿದ್ದ ಮನೆಗೆಲಸದವಳಿಗೆ ಹೀಗೆ ಅನ್ನುತ್ತಿದ್ದರು. ಈಗ ಸಣ್ಣ ಆಫೀಸುಗಳಲ್ಲಿ ಅಕೌಂಟ್ಸ್‌ನಿಂದ ಪ್ರಿಂಟರ್ ರಿಪೇರಿವರೆಗೆ ಮಾಡುವವರಿಗೂ ಅದೇ ಮಾತು.

ಮೇಲಿನವರ ಹತ್ತಿರ ಹುಷಾರು. ನಾನು ಮೊದಲ ತಿಂಗಳು ಮ್ಯಾನೇಜರಿಗೆ ಸುಮ್ನೆ 'ಮ್ ತಕ್ ಹಾನ್', ಅಂದರೆ ಪುರುಸೊತ್ತಿಲ್ಲ, ಅಂದುಬಿಟ್ಟೆ. ಮುಖ ಗಂಟಾಯಿತು. ಪಕ್ಕದ ಸೀಟಿನಾಕೆ ಆಮೇಲೆ ತಿದ್ದಿದಳು: 'ಸೌ ಥೌ ಯೌ ಹೋ ತೊ ಯೆ' ಅನ್ನಬೇಕಂತೆ. ಕೈಯಲ್ಲಿ ಬೇಕಾದಷ್ಟು ಕೆಲಸ ಇದೆ ಅಂತ. ನಮ್ಮ 'ಕೈತುಂಬಾ ಕೆಲಸ'ವೇ ಅಲ್ವಾ!

ಉಚ್ಚಾರದಲ್ಲಿ ನಮಗೊಂದು ಲಾಭ ಇದೆ. ಭಾಷೆ ಕಲಿಸುವ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರದಲ್ಲಿ 'ಜಿ' ಅಂತ ಬರೆದಿದ್ದರೂ ಅದು ನಮ್ಮ ಕ, 'ಕೆ' ಅಂತ ಇದ್ದರೆ ಖ. ತ, ಥ ಕೂಡ ಹಾಗೇ. ಕೊನೆಯ ಕ್ ಅನ್ನು ಬಾಯಲ್ಲೇ ತಡೆಯಬೇಕು, ಹೊರಗೆ ಬಿಡಬಾರದು. ಆದರೆ ಆರು ಥರದ ದನಿಯ ಏರಿಳಿತ ಕಿವಿಯಿಂದಲೇ ಕಲಿಯಬೇಕು, ಬರೆದು ತೋರಿಸೋಕಾಗಲ್ಲ.

ನನಗೆ ತುಂಬಾ ಹಿಡಿಸಿದ್ದು 'ತಿಯು ಕೆಂಗ್ ತೋ ಯಿಯು ಥೌ ಹೇಯ್'. ನೇಣು ಹಾಕಿಕೊಳ್ಳೋನೂ ಒಮ್ಮೆ ಉಸಿರು ಎಳೆದುಕೊಳ್ಳಬೇಕಲ್ಲ ಅಂತ ಅರ್ಥ. ಕಪ್ಪು ತಮಾಷೆ, ಆದರೆ ದಿನನಿತ್ಯದ ಮಾತು. ಅಲ್ಲಿ ದಿನಕ್ಕೆ ಇಷ್ಟೇ ಗಂಟೆ ಕೆಲಸ ಅಂತ ಎಲ್ಲರಿಗೂ ಅನ್ವಯಿಸುವ ಕಾನೂನಿಲ್ಲ, ಹಾಗಾಗಿ ರಾತ್ರಿ ಒಂಬತ್ತಕ್ಕೆ ಇದನ್ನು ಹೇಳಿ ಚಹಾಕ್ಕೆ ಎದ್ದರೆ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ, ಜೊತೆಗೇ ಬರುತ್ತಿದ್ದರು.