ಲ–ಳ ಮಗುವಿಗೆ ತಿಳಿಯುತ್ತೆ, ಆದರೆ ಮೊಬೈಲಿನಿಂದಲ್ಲ

ಮಗಳನ್ನು ನೋಡಿಕೊಳ್ಳುವವರು ಹಿಂದಿಯವರು, 8 ತಿಂಗಳ ಕೂಸಿಗೆ ನಮ್ಮ ಲ–ಳ ವ್ಯತ್ಯಾಸ ತಿಳಿಯುತ್ತಾ, ಮೊಬೈಲಿನಲ್ಲಿ ಕನ್ನಡ ಹಾಡು ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಹಿಂದಿಯಿಂದ ತೊಂದರೆ ಇಲ್ಲ. ಬೆಂಗಳೂರಿನಲ್ಲಿ ಎಷ್ಟೋ ಮಕ್ಕಳು ಎರಡು ಮೂರು ಭಾಷೆ ಕೇಳುತ್ತಲೇ ಬೆಳೆಯುತ್ತವೆ ಅಲ್ವಾ. ಆದರೆ ಕನ್ನಡ ಜಾಸ್ತಿ ಕಿವಿಗೆ ಬೀಳಬೇಕಾದ ಹೊತ್ತು ಇದೇ. ಕೆನಡಾದ ಸಂಶೋಧಕರಾದ ವರ್ಕರ್ ಮತ್ತು ಟೀಸ್ 1984ರಲ್ಲಿ ತೋರಿಸಿದ್ದು ಇದು: ಇಂಗ್ಲಿಷ್ ಮನೆಯ 6–8 ತಿಂಗಳ ಮಕ್ಕಳು ಹಿಂದಿಯ ತ, ಟ ಬೇರೆ ಬೇರೆ ಅಂತ ಗುರುತಿಸಿದವು. 10–12 ತಿಂಗಳ ಹೊತ್ತಿಗೆ ಹೆಚ್ಚಿನವಕ್ಕೆ ಅದು ಆಗಲಿಲ್ಲ.

ಹಾಡು ಸುಮ್ನೆ ಹಾಕಿಟ್ಟರೆ ಸಾಲದು. ಇನ್ನೊಂದು ಅಧ್ಯಯನದಲ್ಲಿ ಅಮೆರಿಕದ 9 ತಿಂಗಳ ಮಕ್ಕಳು ಎದುರು ಕೂತು ಆಡಿಸಿದವರಿಂದ ಚೀನೀ ಧ್ವನಿ ಕಲಿತವು, ಟೀವಿಯಿಂದ ಕಲಿಯಲಿಲ್ಲ. ಸ್ನಾನ ಮಾಡಿಸುವಾಗ ಮುಖ ನೋಡಿಕೊಂಡು "ಬಳೆ ಎಲ್ಲಿ, ಕಾಲು ಎಲ್ಲಿ" ಅನ್ನಿ. ಬಾಯಲ್ಲಿ ಳ ಬರುವುದು ತಡವಾದರೆ ಗಾಬರಿ ಬೇಡ, ಕಿವಿ ಮೊದಲು ಕಲಿಯುತ್ತೆ.