ಸೇತುಬಂಧಾಸನದಲ್ಲಿ ಪೃಷ್ಠಕ್ಕೆ ಬದಲಾಗಿ ತೊಡೆಯೇ ಏಕೆ ದಣಿಯುತ್ತದೆ?

ಮೂರು ತಿಂಗಳಿಂದ ತಪ್ಪದೆ ಸೇತುಬಂಧಾಸನ (ಅಂಗಾತ ಮಲಗಿ, ಮಂಡಿ ಮಡಿಸಿ, ಪೃಷ್ಠವನ್ನು ಸೇತುವೆಯಂತೆ ಮೇಲೆತ್ತುವ ಆಸನ) ಮಾಡಿದರೂ ತೊಡೆಯ ಹಿಂಭಾಗ ಹಿಡಿದುಕೊಳ್ಳುತ್ತದೆ, ಸೊಂಟ ನೋಯುತ್ತದೆ, ಪೃಷ್ಠದ ಸ್ನಾಯುವಿಗೆ ಮಾತ್ರ ಶ್ರಮವೇ ಆಗುವುದಿಲ್ಲ ಎಂದು ಬರೆದಿದ್ದೀರಿ. ವ್ಯಾಯಾಮವನ್ನೇ ಬದಲಿಸಬೇಕೇ ಎಂದು ಕೇಳಿದ್ದೀರಿ. ಬೇಡ, ಮೊದಲು ಹಿಮ್ಮಡಿ ಇಡುವ ಜಾಗ ಬದಲಿಸಿ.

ನಾನು ಫಿಸಿಯೊಥೆರಪಿಸ್ಟ್. ಇದೇ ತೊಂದರೆ ಹೇಳಿಕೊಂಡು ಬರುವ ಹೆಂಗಸರ ಪಾದ ಎಲ್ಲಿದೆ ಎಂದು ಮೊದಲು ನೋಡುತ್ತೇನೆ. ಹೆಚ್ಚಿನವರದು ಬಹಳ ಮುಂದೆ ಇರುತ್ತದೆ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ಗಳು ಬಹುಪಾಲು ಸೊಂಟದ ಕೀಲನ್ನೂ ಮಂಡಿಯನ್ನೂ ದಾಟಿ ಹೋಗುವ ಸ್ನಾಯುಗಳು. ಹಿಮ್ಮಡಿಯನ್ನು ಪೃಷ್ಠದ ಸಮೀಪಕ್ಕೆ ತಂದು ಮಂಡಿಯನ್ನು ಚೆನ್ನಾಗಿ ಮಡಿಸಿದರೆ ಅವು ಮೊದಲೇ ಮೊಟಕಾಗಿರುತ್ತವೆ, ಹೆಚ್ಚು ಬಲ ಹಾಕಲಾರವು. ಚರ್ಮಕ್ಕೆ ವಿದ್ಯುದ್ವಾರ ಅಂಟಿಸಿ ಸ್ನಾಯುವಿನ ಚಟುವಟಿಕೆ ಅಳೆಯುವ ಇಎಂಜಿ ಪರೀಕ್ಷೆಗಳಲ್ಲಿ ಇದು ಸ್ಪಷ್ಟವಾಗಿ ಕಂಡಿದೆ: ಮಂಡಿಯನ್ನು ಹೆಚ್ಚು ಮಡಿಸಿದಾಗ ಹ್ಯಾಮ್‌ಸ್ಟ್ರಿಂಗ್‌ನ ಚಟುವಟಿಕೆ ಬಹಳ ಇಳಿಯುತ್ತದೆ, ಪೃಷ್ಠದ ಗ್ಲೂಟಿಯಸ್ ಮ್ಯಾಕ್ಸಿಮಸ್‌ನದು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ಸೊಂಟನೋವಿಗೆ ಕಾರಣ ಬೇರೆ. ಆಸನವಾಗಿ ಮಾಡುವಾಗ ಎದೆಯನ್ನು ಆದಷ್ಟು ಎತ್ತಿ ಬೆನ್ನನ್ನು ಬಿಲ್ಲಿನಂತೆ ಬಾಗಿಸುತ್ತೇವೆ. ಬಲಕ್ಕಾಗಿ ಮಾಡುವಾಗ ಅಷ್ಟು ಬೇಕಿಲ್ಲ. ಉಸಿರು ಬಿಡುತ್ತಾ ಕೆಳಹೊಟ್ಟೆಯನ್ನು ಒಳಗೆಳೆದುಕೊಳ್ಳಿ, ಬಾಲಮೂಳೆಯನ್ನು ತುಸು ಮೇಲಕ್ಕೆ ಹೊರಳಿಸಿ, ಆಮೇಲೆ ಎತ್ತಿ. ಭುಜದಿಂದ ಮಂಡಿಯವರೆಗೆ ನೇರ ಗೆರೆ ಬಂದೊಡನೆ ನಿಲ್ಲಿಸಿ. ಹೊಟ್ಟೆ ಬಿಗಿಯಾಗಿದ್ದರೆ ಬೆನ್ನಿನ ಸ್ನಾಯುಗಳು ಪೃಷ್ಠದ ಕೆಲಸವನ್ನು ಕಸಿದುಕೊಳ್ಳುವುದು ಕಡಿಮೆಯಾಗುತ್ತದೆ. ಇದೊಂದು ತಿದ್ದುಪಡಿಯಿಂದ ನೋವು ತಗ್ಗಿದವರನ್ನು ನೋಡಿ ನನಗೆ ಪ್ರತಿ ಸಲವೂ ಸಂತೋಷವಾಗುತ್ತದೆ.

ಇನ್ನು ಪೃಷ್ಠದ ಪಕ್ಕದಲ್ಲಿರುವ ಗ್ಲೂಟಿಯಸ್ ಮೀಡಿಯಸ್ ಸ್ನಾಯು. ಒಂಟಿಕಾಲಲ್ಲಿ ನಿಂತಾಗ ಕಟಿಯನ್ನು ಸಮವಾಗಿ ಹಿಡಿಯುವುದು ಇದೇ. ಮೆಟ್ಟಿಲಿಳಿಯುವಾಗ, ಜಿಗಿದು ನೆಲ ಮುಟ್ಟುವಾಗ ಮಂಡಿ ಒಳಕ್ಕೆ ವಾಲುವುದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಅದನ್ನು ತಡೆಯಲು ನೆರವಾಗುವ ಈ ಸ್ನಾಯುವನ್ನು ಬಿಡಬೇಡಿ. ಎರಡು ಕಾಲಿನ ಸೇತುವೆ ಇದಕ್ಕೆ ಸಾಲದು, ಒಂದು ಕಾಲು ನೆಲದಿಂದ ಎದ್ದಾಗಲೇ ಕೆಲಸ ಏರುತ್ತದೆ. ಪಕ್ಕಕ್ಕೆ ತಿರುಗಿ ಒಂದು ಕೈ ಊರಿ ದೇಹವನ್ನು ನೆಲದಿಂದ ಎತ್ತಿ ಹಿಡಿಯುವ ವಸಿಷ್ಠಾಸನ ಇನ್ನೂ ಒಳ್ಳೆಯದು, ಆರಂಭದಲ್ಲಿ ಮಂಡಿ ಊರಿಯೇ ಮಾಡಿ. ರಬ್ಬರ್ ಪಟ್ಟಿ ತೊಟ್ಟು ಪಕ್ಕಕ್ಕೆ ಹೆಜ್ಜೆ ಹಾಕುವುದಾದರೆ ಪಟ್ಟಿ ಮಂಡಿಯ ಬಳಿ ಇದ್ದರೆ ಸುಲಭ, ಕಣಕಾಲಿಗೆ ಇಳಿಸಿದರೆ ಕಷ್ಟ. ಅರೆಕುಳಿತ ಭಂಗಿಯಲ್ಲೇ ನಡೆಯಿರಿ.

ಇತ್ತೀಚೆಗೆ ಹೆರಿಗೆಯಾಗಿದೆಯೇ ಎಂದು ನೀವು ಹೇಳಿಲ್ಲ. ಆಗಿದ್ದರೆ, ಎತ್ತುವಾಗ ಮೂತ್ರ ಸೋರಿದರೆ ಅಥವಾ ಹೊಟ್ಟೆಯ ನಡುಗೆರೆ ಉಬ್ಬಿದರೆ, ಒಂಟಿಕಾಲಿನ ಸೇತುವೆಯನ್ನು ಸದ್ಯ ನಿಲ್ಲಿಸಿ ವೈದ್ಯರಿಗೆ ತೋರಿಸಿ.