ಓದುಗರ ಪ್ರಶ್ನೆ, ನಮ್ಮ ಉತ್ತರ: ಔಟ್‌ಬೋರ್ಡ್ ದೋಣಿ ಪಂದ್ಯದ ಕಟ್ಟಳೆಗಳು

ಸಣ್ಣ ದೋಣಿಗಳ ಎಂಜಿನ್ ಕುರಿತು ಹಿಂದೆ ಬರೆದ ಟಿಪ್ಪಣಿಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಪಂದ್ಯಗಳ ಸುರಕ್ಷತೆಯನ್ನೇ ವಿಚಾರಿಸಿವೆ. ಆದ್ದರಿಂದ ಈ ಸಲದ ಅಂಕಣವನ್ನು ಹವ್ಯಾಸಿಗಳ ಔಟ್‌ಬೋರ್ಡ್ ದೋಣಿ ಪಂದ್ಯಗಳಿಗೇ ಮೀಸಲಿಟ್ಟಿದ್ದೇವೆ. ದೋಣಿಯ ಹಿಂಬದಿಗೆ ಹೊರಗಿನಿಂದ ತಗುಲಿಸುವ ಎಂಜಿನ್ನಿಗೆ ಔಟ್‌ಬೋರ್ಡ್ ಎನ್ನುತ್ತಾರೆ.

ಪ್ರಶ್ನೆ: ನನ್ನ ಮಗಳ ಸಂಸಾರ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದೆ. ಹತ್ತು ವರ್ಷದ ಮೊಮ್ಮಗ ಅಲ್ಲಿಯ ಕ್ಲಬ್ಬೊಂದಕ್ಕೆ ಸೇರಿ ಔಟ್‌ಬೋರ್ಡ್ ದೋಣಿಯ ಪಂದ್ಯಕ್ಕೆ ಇಳಿಯುತ್ತಾನಂತೆ. ನಲವತ್ತು ವರ್ಷ ನಾಡದೋಣಿ ನಡೆಸಿದ ನನಗೇ ಇದನ್ನು ಕೇಳಿ ಎದೆ ಝಲ್ಲೆಂದಿತು. ಇಂಥ ಪಂದ್ಯಗಳಿಗೆ ಸರ್ಕಾರದ ಕಾಯ್ದೆ ಉಂಟೇ? ಹೊಣೆ ಯಾರದು? (ಮಲ್ಪೆಯ ಓದುಗರು)

ಉತ್ತರ: ಹೊಣೆ ಎರಡು ಕಡೆ ಹಂಚಿಹೋಗಿದೆ. ಪಂದ್ಯ ನಡೆಯುವ ನೀರು ಸರ್ಕಾರದ ಸುಪರ್ದಿನಲ್ಲಿದ್ದರೆ, ಆ ನೀರಿನ ಮೇಲೆ ಓಡುವ ದೋಣಿ, ಅದರ ಎಂಜಿನ್ ಮತ್ತು ಅದನ್ನು ನಡೆಸುವವರ ನಡವಳಿಕೆ ಪಂದ್ಯದ ಸಂಘದ ಅಧೀನದಲ್ಲಿರುತ್ತವೆ. ಅಮೆರಿಕದಲ್ಲಿ ಒಕ್ಕೂಟ ಸರ್ಕಾರದ ವ್ಯಾಪ್ತಿಗೆ ಬರುವ ಜಲಮಾರ್ಗದಲ್ಲಿ ಹೊಸದಾಗಿ ಪಂದ್ಯ ಏರ್ಪಡಿಸುವವರು ಕನಿಷ್ಠ 135 ದಿನ ಮುಂಚಿತವಾಗಿ ಕೋಸ್ಟ್ ಗಾರ್ಡ್‌ಗೆ ಅರ್ಜಿ ಸಲ್ಲಿಸಬೇಕು. ಹಿಂದೆ ನಡೆದ ಪಂದ್ಯವೇ ಅದೇ ಜಾಗದಲ್ಲಿ, ಯಾರ ತಕರಾರೂ ಇಲ್ಲದೆ ಮರುಕಳಿಸುವುದಾದರೆ 60 ದಿನ ಸಾಕು. ಒಳನಾಡಿನ ಸಣ್ಣ ಕೆರೆಗಳಿಗೆ ರಾಜ್ಯದ ಮತ್ತು ಊರಿನ ಆಡಳಿತದ ಅನುಮತಿ ಬೇಕಾಗುತ್ತದೆ.

ಇನ್ನುಳಿದದ್ದೆಲ್ಲ 1903ರಲ್ಲಿ ಸ್ಥಾಪನೆಯಾದ ಅಮೆರಿಕನ್ ಪವರ್ ಬೋಟ್ ಅಸೋಸಿಯೇಷನ್ ಎಂಬ ಸಂಘದ ಕೈಯಲ್ಲಿದೆ. ಅಂತರರಾಷ್ಟ್ರೀಯ ಮಟ್ಟದಲ್ಲಿ ಇದಕ್ಕೆ ಮೇಲಿನದು, 1922ರಲ್ಲಿ ಹುಟ್ಟಿ ಈಗ ಮೊನಾಕೊದಲ್ಲಿ ಕಚೇರಿ ಹೊಂದಿರುವ ಯುಐಎಂ ಎಂಬ ಮೋಟಾರು ದೋಣಿ ಪಂದ್ಯಗಳ ವಿಶ್ವ ಒಕ್ಕೂಟ. ತಮಗೆ ಅಚ್ಚರಿಯೆನಿಸಬಹುದಾದ ಸಂಗತಿಯೆಂದರೆ, ಅಮೆರಿಕದ ಸಂಘದಲ್ಲಿ ಒಂದೊಂದು ವಿಭಾಗದ ನಿಯಮಗಳನ್ನು ರೂಪಿಸುವವರು ಬಹುಪಾಲು ಆ ವಿಭಾಗದಲ್ಲಿ ದೋಣಿ ಓಡಿಸುವ ಸದಸ್ಯರೇ ಆಗಿದ್ದಾರೆ. ತಾವೇ ಓಡುವ ಪಂದ್ಯಕ್ಕೆ ತಾವೇ ಕಟ್ಟಳೆ ಬರೆದುಕೊಳ್ಳುವುದೆಂದರೆ ಹೊಲದ ಕಾವಲನ್ನು ಮೇಯುವ ದನಕ್ಕೇ ಒಪ್ಪಿಸಿದಂತಲ್ಲವೇ ಎಂಬ ಸಂಶಯ ಸಹಜ. ಇದಕ್ಕೆ ಅವರು ಕಂಡುಕೊಂಡ ಉಪಾಯ ಸರಳವಾಗಿದೆ. ನಿಯಮದ ಬಗ್ಗೆ ಜಗಳವಾಡುವುದಿದ್ದರೆ ಪಂದ್ಯಗಳಿಲ್ಲದ ಕಾಲದಲ್ಲಿ, ಸಭೆಯಲ್ಲಿ, ಮತ ಹಾಕಿ ಜಗಳವಾಡಬೇಕು. ಪಂದ್ಯದ ದಿನ ದಡದ ಮೇಲೆ ರೆಫರಿಯ ಮಾತೇ ಕೊನೆ. ಗಾಳಿ ಜೋರಾಯಿತೆಂದು ಆತ ಪಂದ್ಯ ನಿಲ್ಲಿಸಿದರೆ, ಮುನ್ನೂರು ಮೈಲಿ ದೂರದಿಂದ ದೋಣಿ ಎಳೆದು ತಂದವರೂ ಅದನ್ನು ಮತ್ತೆ ಟ್ರೇಲರಿಗೆ ಏರಿಸಬೇಕಾಗುತ್ತದೆ.

ಈ ಅಧಿಕಾರಕ್ಕೆ ಹಲ್ಲು ಬಂದಿರುವುದು ವಿಮೆಯಿಂದ. ಸಂಘದ ಮಂಜೂರಾತಿಯಿರುವ ಪಂದ್ಯಕ್ಕೆ ಮಾತ್ರ ಸಂಘದ ವಿಮೆ ಸಿಗುತ್ತದೆ. ಮಂಜೂರಾತಿ ಬೇಕೆಂದರೆ ಅರ್ಹತೆ ಪಡೆದ ರೆಫರಿ, ರಕ್ಷಣಾ ದೋಣಿ, ದಡದಲ್ಲಿ ಆಂಬುಲೆನ್ಸ್ ಮೊದಲಾದವುಗಳನ್ನು ಕ್ಲಬ್ಬು ಒದಗಿಸಲೇಬೇಕು. ಪೊಲೀಸನ ಲಾಠಿಗಿಂತ ವಿಮೆಯ ಕಾಗದ ಹೆಚ್ಚು ಕೆಲಸ ಮಾಡುತ್ತದೆಂಬುದು ನಮ್ಮ ಅಭಿಪ್ರಾಯ.

ತಮ್ಮ ಮೊಮ್ಮಗ ಇಳಿಯುವುದು ಕಿರಿಯರ ವರ್ಗಕ್ಕೆ. ಅಲ್ಲಿ 9ನೇ ವಯಸ್ಸಿನಿಂದ ಪ್ರವೇಶವಿದೆ. ಎಂಜಿನ್‌ಗೆ ಹೋಗುವ ಪೆಟ್ರೋಲು-ಗಾಳಿಯ ಮಿಶ್ರಣದ ದಾರಿಯಲ್ಲಿ ಸಣ್ಣ ತೂತಿನ ತಗಡೊಂದನ್ನು ಕೂರಿಸಿ ಅದರ ಉಸಿರನ್ನೇ ಬಿಗಿಹಿಡಿಯುವುದರಿಂದ, ಹುಡುಗ ಎಷ್ಟೇ ಹುಮ್ಮಸ್ಸಿನಿಂದ ಥ್ರಾಟಲ್ (ವೇಗ ಹೆಚ್ಚಿಸುವ ಹಿಡಿ) ಒತ್ತಿದರೂ ವೇಗ ಒಂದು ಮಿತಿಯನ್ನು ಮೀರುವುದಿಲ್ಲ. ಗೆದ್ದ ದೋಣಿಯ ಎಂಜಿನ್ ಪಂದ್ಯದ ನಂತರ ತಪಾಸಣೆಗಾರನ ಮೇಜಿನ ಮೇಲೆ ಬಿಚ್ಚಿಕೊಳ್ಳುವುದೂ ಉಂಟು. ಆತ ಅಳತೆಪಟ್ಟಿ ಹಿಡಿದು ಬಿಡಿಭಾಗಗಳನ್ನು ಒಂದೊಂದಾಗಿ ನೋಡುತ್ತಾನೆ. ಒಂದು ಭಾಗವನ್ನು ಕೂದಲೆಳೆಯಷ್ಟು ಉಜ್ಜಿದ್ದು ಕಂಡರೂ ಗೆಲುವು ರದ್ದಾಗುತ್ತದೆ. ಇದು ಮೋಸ ಹಿಡಿಯುವ ಕ್ರಮವೆಂದು ತೋರಿದರೂ ನಿಜದಲ್ಲಿ ಸುರಕ್ಷತೆಯ ಕ್ರಮವೂ ಹೌದು, ಏಕೆಂದರೆ ಒಬ್ಬನ ಎಂಜಿನ್ ಬಲವಾದರೆ ಉಳಿದವರೂ ಅದೇ ದಾರಿ ಹಿಡಿಯುತ್ತಾರೆ, ಎರಡು ವರ್ಷದೊಳಗೆ ಇಡೀ ವರ್ಗವೇ ದೋಣಿಯ ಕಟ್ಟು ತಾಳಲಾರದ ವೇಗಕ್ಕೆ ಹೋಗಿರುತ್ತದೆ.

ಪ್ರಶ್ನೆ: ಪಂದ್ಯದ ಚಿತ್ರಗಳಲ್ಲಿ ಚಾಲಕನ ಮೈಗೂ ದೋಣಿಗೂ ಒಂದು ದಾರ ಕಟ್ಟಿರುವುದನ್ನು ನೋಡಿದೆ. ದೋಣಿ ಮಗುಚಿದರೆ ಅದೇ ದಾರ ಅವನನ್ನು ಎಳೆದೊಯ್ಯುವುದಿಲ್ಲವೇ? (ಗಂಗೊಳ್ಳಿಯ ಎಂಜಿನ್ ಮೆಕ್ಯಾನಿಕ್)

ಉತ್ತರ: ಆ ದಾರ ಚಾಲಕನನ್ನು ಹಿಡಿದಿಡುವುದಕ್ಕಾಗಿ ಇಲ್ಲ, ಎಳೆತಕ್ಕೆ ಕಳಚಿಕೊಳ್ಳುವುದಕ್ಕಾಗಿ ಇದೆ. ಅದರ ಒಂದು ತುದಿ ಚಾಲಕನ ಮೈಗೆ ಭದ್ರವಾಗಿದ್ದರೆ ಇನ್ನೊಂದು ತುದಿಯ ಕ್ಲಿಪ್ಪು ಎಂಜಿನ್ನಿನ ಸ್ವಿಚ್ಚಿಗೆ ಸಿಕ್ಕಿಕೊಂಡಿರುತ್ತದೆ. ಚಾಲಕ ಜಾಗ ಬಿಟ್ಟು ಸರಿದರೆ ಕ್ಲಿಪ್ಪು ಕಿತ್ತುಬಂದು ಎಂಜಿನ್ ಆ ಕ್ಷಣವೇ ನಿಲ್ಲುತ್ತದೆ.

ಇದು ಏಕೆ ಬೇಕೆಂಬುದು ತಮ್ಮ ಕೈಗೆ ಚೆನ್ನಾಗಿ ಗೊತ್ತಿರಬೇಕು. ಓಡುತ್ತಿರುವ ಔಟ್‌ಬೋರ್ಡ್‌ನ ಹಿಡಿಯನ್ನು ಒಂದು ಗಳಿಗೆ ಬಿಟ್ಟರೆ ಅದು ನೆಟ್ಟಗೆ ನಿಲ್ಲದೆ ಒಂದು ಮಗ್ಗುಲಿಗೆ ವಾಲುತ್ತದೆ. ನೀರಿನಡಿ ತಿರುಗುವ ಫ್ಯಾನಿನ (ಪ್ರೊಪೆಲ್ಲರ್) ಸೆಳೆತ ಅದನ್ನು ಆ ಕಡೆಗೆ ತಳ್ಳುತ್ತದೆ. ಚಾಲಕ ನೀರಿಗೆ ಬಿದ್ದು ಎಂಜಿನ್ ಓಡುತ್ತಲೇ ಇದ್ದರೆ ಖಾಲಿ ದೋಣಿ ಮುಂದೆ ಹೋಗಿಬಿಡುವುದಿಲ್ಲ, ಸುತ್ತು ಹಾಕಿ ಬಿದ್ದವನಿದ್ದಲ್ಲಿಗೇ ಮರಳುತ್ತದೆ. ಈಜು ಬಲ್ಲವರೂ ಹೀಗೆ ತಮ್ಮದೇ ದೋಣಿಯ ಫ್ಯಾನಿಗೆ ಸಿಕ್ಕಿ ಸತ್ತಿದ್ದಾರೆ. ಈ ಕಾರಣಕ್ಕೇ ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕದಾದ, 3 ಅಶ್ವಶಕ್ತಿ ಅಥವಾ ಅದಕ್ಕಿಂತ ಹೆಚ್ಚಿನ ಎಂಜಿನ್ ಇರುವ ದೋಣಿಗಳನ್ನು ನಡೆಸುವ ಸಾಮಾನ್ಯ ಜನರೂ ಇಂಥ ಸ್ವಿಚ್ಚಿನ ಕೊಂಡಿಯನ್ನು ಬಳಸಬೇಕೆಂಬ ನಿಯಮ 2021ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಪಂದ್ಯದವರು ಅದನ್ನು ಬಹಳ ಮೊದಲೇ ಕಡ್ಡಾಯ ಮಾಡಿಕೊಂಡಿದ್ದರು.

ದಾರದ ಜೊತೆಗೆ ಥ್ರಾಟಲ್ಲಿಗೂ ಒಂದು ಕಟ್ಟಳೆ ಇದೆ. ಪಂದ್ಯದ ದೋಣಿಯಲ್ಲಿ ಅದು ಸೈಕಲ್ಲಿನ ಬ್ರೇಕಿನಂತೆ ಒತ್ತಿ ಹಿಡಿಯುವ ಹಿಡಿ. ಕೈ ಸಡಿಲವಾದರೆ ಸ್ಪ್ರಿಂಗ್ ಅದನ್ನು ಮೂಲಸ್ಥಾನಕ್ಕೆ ಎಳೆಯುತ್ತದೆ. ನಾಡದೋಣಿಯಲ್ಲಿ ತಿರುಚಿದಲ್ಲೇ ನಿಲ್ಲುವ ಹಿಡಿ ಅನುಕೂಲ, ಏಕೆಂದರೆ ಬಲೆಯ ಕೆಲಸಕ್ಕೆ ಕೈ ಬಿಡುವಾಗಬೇಕು. ಪಂದ್ಯದಲ್ಲಿ ಆ ಅನುಕೂಲವೇ ಅಪಾಯ. ಅಷ್ಟಾದರೂ ಬೇರೆಯವರ ದೋಣಿಯ ಫ್ಯಾನು ಇದ್ದೇ ಇದೆಯಲ್ಲ. ಅದಕ್ಕಾಗಿ ಕೈಕಾಲು ಮುಚ್ಚುವ, ಕೆವ್ಲಾರ್‌ನಂಥ ಸುಲಭವಾಗಿ ಕತ್ತರಿಸದ ನಾರಿನ ಉಡುಪನ್ನೂ, ನೀರಿನ ಮೇಲೆ ದೂರದಿಂದ ಕಾಣುವ ಕಿತ್ತಳೆ ಅಥವಾ ಹಳದಿಯಂಥ ಎದ್ದುಕಾಣುವ ಬಣ್ಣದ ಹೆಲ್ಮೆಟ್ಟನ್ನೂ ಧರಿಸುತ್ತಾರೆ.

ಕೆಲವು ವರ್ಷಗಳ ಹಿಂದೆ ನಮ್ಮದೇ ರಾಜ್ಯದ ಹಿನ್ನೀರಿನ ವಿಹಾರತಾಣವೊಂದರಲ್ಲಿ ಸಂಸಾರಸಮೇತ ದೋಣಿ ಹತ್ತಿದಾಗ, ಸುರುಳಿಸುರುಳಿಯಾದ ಆ ಕೆಂಪು ದಾರವನ್ನು ಎಂಜಿನ್ನಿನ ಹಿಡಿಗೇ ಎರಡು ಸುತ್ತು ಸುತ್ತಿ ಗಂಟು ಹಾಕಿದ್ದನ್ನು ಈ ಅಂಕಣಕಾರ ಕಂಡಿದ್ದಾನೆ. ವಿಚಾರಿಸಿದರೆ, "ಕೈಗೆ ಕಟ್ಟಿಕೊಂಡರೆ ಎದ್ದಾಗಲೆಲ್ಲ ಎಂಜಿನ್ ಆಫ್ ಆಗ್ತದೆ ಸಾರ್" ಎಂಬ ಉತ್ತರ ಬಂತು. ಆ ದಾರ ಇರುವುದೇ ಅದಕ್ಕಾಗಿ!

ಪ್ರಶ್ನೆ: ಕಾರ್ ರೇಸಿನಲ್ಲಿ ಸೀಟ್ ಬೆಲ್ಟ್ ಇಲ್ಲದೆ ಟ್ರ್ಯಾಕಿಗೆ ಬಿಡುವುದಿಲ್ಲ. ಸಣ್ಣ ದೋಣಿಗಳ ಪಂದ್ಯದಲ್ಲಿ ಬೆಲ್ಟೇ ಕಾಣುವುದಿಲ್ಲವಲ್ಲ, ಇದು ನಿರ್ಲಕ್ಷ್ಯವೇ? (ಬೆಂಗಳೂರಿನ ಓದುಗರು)

ಉತ್ತರ: ನಿರ್ಲಕ್ಷ್ಯವಲ್ಲ, ಇಲ್ಲಿ ಎರಡು ವಿರುದ್ಧ ತತ್ವಗಳು ಅಕ್ಕಪಕ್ಕದಲ್ಲಿ ಬಾಳುತ್ತಿವೆ. ಹವ್ಯಾಸಿಗಳ ಸಣ್ಣ ದೋಣಿಯಲ್ಲಿ ಚಾಲಕ ಕೂರುವುದಿಲ್ಲ, ಮೆತ್ತೆಯ ಮೇಲೆ ಮಂಡಿಯೂರಿರುತ್ತಾನೆ. ತೆಳು ಹಲಗೆಯ ಆ ದೋಣಿ ಮಗುಚಿದರೆ ಆತ ಅದರಿಂದ ದೂರ ಎಸೆಯಲ್ಪಟ್ಟು ಲೈಫ್ ಜಾಕೆಟ್ಟಿನ ಬಲದಿಂದ ತೇಲುವುದೇ ಕ್ಷೇಮ. ಅಲ್ಲಿ ಬೆಲ್ಟ್ ಹಾಕಿದರೆ ಮುಳುಗುವ ಹಲಗೆಗೆ ಮನುಷ್ಯನನ್ನು ಕಟ್ಟಿದಂತಾಗುತ್ತದೆ.

ಆದರೆ ವೇಗ ಹೆಚ್ಚುತ್ತ ಹೋದಂತೆ ಒಂದು ಹಂತದಲ್ಲಿ ನೀರು ನೀರಾಗಿ ಉಳಿಯುವುದಿಲ್ಲ, ಗೋಡೆಯಾಗುತ್ತದೆ. 1980ರ ದಶಕದ ಆರಂಭದವರೆಗೆ ಫಾರ್ಮುಲಾ ಒನ್ ದರ್ಜೆಯ ಔಟ್‌ಬೋರ್ಡ್ ದೋಣಿಗಳಲ್ಲೂ ಚಾಲಕರು ತೆರೆದ ಕಾಕ್‌ಪಿಟ್ಟಿನಲ್ಲಿಯೇ ಕೂರುತ್ತಿದ್ದರು. ಅಪಘಾತವಾದಾಗ ಹೊರಗೆ ಎಸೆಯಲ್ಪಟ್ಟವರನ್ನು ಆ ಗೋಡೆ ಉಳಿಸಲಿಲ್ಲ. 1984ರಲ್ಲಿ ಬೆಲ್ಜಿಯಂನ ಲೀಜ್ ನಗರದ ಪಂದ್ಯದಲ್ಲಿ ಬ್ರಿಟನ್ನಿನ ಟಾಮ್ ಪರ್ಸಿವಲ್ ತೀರಿಕೊಂಡರು. ದೋಣಿ ಕಟ್ಟುವವರೂ ಸ್ವತಃ ಚಾಲಕರೂ ಆಗಿದ್ದ ಕ್ರಿಸ್ ಹಾಜಸ್ ಆ ಕಾಲದಲ್ಲಿ, ದೋಣಿ ಚೂರಾದರೂ ಚಾಲಕನ ಸುತ್ತ ಗಟ್ಟಿಯಾಗಿ ಉಳಿಯುವ ಕವಚವೊಂದನ್ನು ರೂಪಿಸಿದರು. ಕ್ರಮೇಣ ಅದು ಆ ದರ್ಜೆಯ ನಿಯಮವೇ ಆಯಿತು. ಕವಚ ಬಂದ ಮೇಲೆ ಬೆಲ್ಟೂ ಬಂತು, ಬೆಲ್ಟು ಬಂದ ಮೇಲೆ ಹೊಸ ಭಯವೊಂದು ಹುಟ್ಟಿತು: ಮಗುಚಿದ ದೋಣಿಯೊಳಗೆ ತಲೆಕೆಳಗಾಗಿ, ಕತ್ತಲಲ್ಲಿ, ಬಿಗಿದುಕೊಂಡಿರುವ ಮನುಷ್ಯ ಹೊರಬರುವುದು ಹೇಗೆ? ಅದಕ್ಕಾಗಿ ಮುಚ್ಚಿದ ಕವಚದಲ್ಲಿ ಓಡುವವರಿಗೆ ಮುಳುಗು ಪರೀಕ್ಷೆ ಇದೆ. ಈಜುಕೊಳದಲ್ಲಿ ಕವಚದ ಮಾದರಿಯೊಂದಕ್ಕೆ ಅಭ್ಯರ್ಥಿಯನ್ನು ಬಿಗಿದು ಮಗುಚಿ ಹಾಕುತ್ತಾರೆ. ಆತ ಗಾಬರಿಯಾಗದೆ ಬೆಲ್ಟು ಬಿಚ್ಚಿ ಈಚೆ ಬರಬೇಕು. ಒಂದು ಸುರಕ್ಷತಾ ನಿಯಮ ಇನ್ನೊಂದನ್ನು ಹೆರುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಮಗೆ ತಿಳಿಯದು. ಅರೆಬರೆ ಮಾಡುವುದು ಮಾತ್ರ ಎರಡಕ್ಕಿಂತಲೂ ಕೆಟ್ಟದ್ದು: ಕವಚವಿಲ್ಲದ ದೋಣಿಗೆ ಬೆಲ್ಟು ಕೂಡದು, ಬೆಲ್ಟು ಹಾಕಿದವನಿಗೆ ಮುಳುಗು ಪರೀಕ್ಷೆ ತಪ್ಪಕೂಡದು.

ಪ್ರಶ್ನೆ: ದೋಣಿಗಳು ಯಾವಾಗಲೂ ಎಡಕ್ಕೇ ತಿರುಗುವುದೇಕೆ? (ಮೈಸೂರಿನ ವಿದ್ಯಾರ್ಥಿನಿ)

ಉತ್ತರ: ಅಮೆರಿಕದ ಪಂದ್ಯಗಳಲ್ಲಿ ಅದು ರೂಢಿಯಿಂದ ಬಂದ ನಿಯಮ. ತಿರುವಿನಲ್ಲಿ ದೋಣಿ ಜಾರದಂತೆ ನೀರನ್ನು ಕಚ್ಚಿಹಿಡಿಯುವ ಲೋಹದ ರೆಕ್ಕೆಯನ್ನೂ ಎಡಗಡೆಗೇ ಕೂರಿಸಿರುತ್ತಾರೆ. ಅಂಥ ದೋಣಿಯನ್ನು ವೇಗದಲ್ಲಿ ಬಲಕ್ಕೆ ತಿರುಗಿಸಿದರೆ ಮಗುಚುವುದು ಬಹುತೇಕ ಖಚಿತ.

ಪ್ರಶ್ನೆ: ದೋಣಿಗೆ ಬ್ರೇಕ್ ಇಲ್ಲ, ಗೆರೆಯ ಮೇಲೆ ನಿಲ್ಲಿಸಲೂ ಆಗದು. ಹಾಗಿದ್ದ ಮೇಲೆ ಪಂದ್ಯ ಆರಂಭಿಸುವುದು ಹೇಗೆ? (ಹುಬ್ಬಳ್ಳಿಯ ಓದುಗರು)

ಉತ್ತರ: ಗಡಿಯಾರದಿಂದ. ದಡದ ಮೇಲೆ ಎಲ್ಲರಿಗೂ ಕಾಣುವ ದೊಡ್ಡ ಗಡಿಯಾರವಿರುತ್ತದೆ. ದೋಣಿಗಳು ಓಡುತ್ತಲೇ ಬಂದು, ಮುಳ್ಳು ಸೊನ್ನೆ ಮುಟ್ಟಿದ ಮೇಲೆ ಗೆರೆ ದಾಟಬೇಕು. ಮೊದಲೇ ದಾಟಿದವನಿಗೆ ದಂಡನೆ ಕಾದಿರುತ್ತದೆ. ಈ ಕ್ರಮ ಅತ್ಯಂತ ಬಿಗಿಯಾಗಿರುವುದು ಜಪಾನಿನಲ್ಲಿ. 1951ರ ಕಾಯ್ದೆಯನ್ವಯ ಅಲ್ಲಿ ಬಾಜಿಯ ದೋಣಿ ಪಂದ್ಯಗಳು ನಡೆಯುತ್ತವೆ. ಆರು ದೋಣಿಗಳು 600 ಮೀಟರಿನ ಮೂರು ಸುತ್ತು ಹಾಕುತ್ತವೆ. ಸೊನ್ನೆಯಿಂದ ಒಂದು ಸೆಕೆಂಡಿನೊಳಗೆ ಗೆರೆ ದಾಟದಿದ್ದವನು ಪಂದ್ಯದಿಂದಲೇ ಹೊರಗೆ, ಅವನ ಮೇಲೆ ಕಟ್ಟಿದ ಹಣ ವಾಪಸು. ಅವರು ವೃತ್ತಿಪರರು, ಹವ್ಯಾಸಿಗಳಲ್ಲ. ಆದರೂ ನಂಟೊಂದು ಇದೆ: ಅಲ್ಲಿ ಬಳಸಿದ ಯಮಾಟೊ ಎಂಜಿನ್‌ಗಳು ಅಮೆರಿಕದ ಹವ್ಯಾಸಿಗಳ ದೋಣಿಗೆ ಏರಿ ಇನ್ನೊಂದು ಆಯುಷ್ಯ ಕಂಡಿವೆ.

ಪ್ರಶ್ನೆ: ನಾವು ಏಳೆಂಟು ಗೆಳೆಯರು ಶರಾವತಿ ಹಿನ್ನೀರಿನಲ್ಲಿ ಸಣ್ಣ ಔಟ್‌ಬೋರ್ಡ್ ದೋಣಿಗಳ ಸ್ನೇಹಪಂದ್ಯ ನಡೆಸಬೇಕೆಂದಿದ್ದೇವೆ. ಮೊದಲು ಯಾವ ನಿಯಮ ಬರೆದುಕೊಳ್ಳಬೇಕು? (ಸಾಗರದ ಯುವಕರು)

ಉತ್ತರ: ನಿಯಮಕ್ಕಿಂತ ಮೊದಲು ಅನುಮತಿ. ಲಿಂಗನಮಕ್ಕಿ ಜಲಾಶಯ ಕರ್ನಾಟಕ ವಿದ್ಯುತ್ ನಿಗಮದ್ದು. ನಿಗಮ ಮತ್ತು ಜಿಲ್ಲಾಡಳಿತದ ಒಪ್ಪಿಗೆಯಿಲ್ಲದೆ, ಅಭಯಾರಣ್ಯಕ್ಕೆ ತಾಗಿದ ಜಾಗವಾದರೆ ಅರಣ್ಯ ಇಲಾಖೆಯ ಒಪ್ಪಿಗೆಯೂ ಇಲ್ಲದೆ ನೀರಿಗೆ ಇಳಿಯಬೇಡಿ. ದೋಣಿಗಳ ನೋಂದಣಿ, ತಪಾಸಣೆಗಳಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ. 2018ರ ನವೆಂಬರಿನಲ್ಲಿ ವಿಜಯವಾಡದ ಬಳಿ ಕೃಷ್ಣಾ ನದಿಯಲ್ಲಿ ಫಾರ್ಮುಲಾ ಒನ್ ದೋಣಿ ಪಂದ್ಯ ನಡೆದದ್ದು ಸರ್ಕಾರವೇ ಮುಂದೆ ನಿಂತದ್ದರಿಂದ. ಏಳೆಂಟು ಗೆಳೆಯರಿಗೆ ಆ ಬೆಂಬಲ ಇರುವುದಿಲ್ಲ.

ಅನುಮತಿ ದೊರೆತರೆ, ಅಂದು ದೋಣಿ ಓಡಿಸದ ಒಬ್ಬರನ್ನು ರೆಫರಿಯಾಗಿ ಆರಿಸಿ, ಪಂದ್ಯ ನಿಲ್ಲಿಸುವ ಅಧಿಕಾರವನ್ನು ಅವರಿಗೆ ಬರಹದಲ್ಲಿಯೇ ಕೊಡಿ. ಎಂಟು ಮಂದಿಯೂ ಓಡಿಸುವ ಆಸೆಯವರಾದರೆ ಒಂಬತ್ತನೆಯವರನ್ನು ಹುಡುಕಿ. ತಾನೂ ಮುಂದಿನ ಸುತ್ತಿಗೆ ಕಾಯುತ್ತಿರುವವನು ಕೆಂಪು ಬಾವುಟ ಎತ್ತಲು ಹಿಂದೆಮುಂದೆ ನೋಡುತ್ತಾನೆ. ರಕ್ಷಣಾ ದೋಣಿಯಲ್ಲಿ ಇಬ್ಬರಿರಲಿ, ಒಬ್ಬರು ನಡೆಸಲು, ಒಬ್ಬರು ನೀರಿಗೆ ಧುಮುಕಲು. ಬಿದ್ದವನು ಕೈ ಎತ್ತಿ ತಾನು ಸರಿಯಿದ್ದೇನೆಂದು ತೋರಿಸುವ ಪದ್ಧತಿ ಎಲ್ಲರಿಗೂ ತಿಳಿದಿರಲಿ, ಕೈ ಎತ್ತದವನ ಕಡೆಗೆ ಯಾರನ್ನೂ ಕೇಳದೆ ಆ ದೋಣಿ ಧಾವಿಸಲಿ. ಬಿದ್ದವನನ್ನು ವೈದ್ಯರು ನೋಡುವ ತನಕ ಮತ್ತೆ ಓಡಲು ಬಿಡಬೇಡಿ. ಹೊರಡುವ ಮುನ್ನ ಪ್ರತಿಯೊಬ್ಬರೂ ರೆಫರಿಯ ಎದುರಿನಲ್ಲಿ ಎಂಜಿನ್ ಚಾಲೂ ಮಾಡಿ ದಾರ ಎಳೆದು ತೋರಿಸಲಿ. ಎಂಜಿನ್ ನಿಲ್ಲದಿದ್ದರೆ ಆ ದೋಣಿ ದಡದಲ್ಲೇ ಉಳಿಯಬೇಕು.

ಶರಾವತಿಗೇ ವಿಶೇಷವಾದ ಒಂದು ಅಪಾಯವನ್ನು ಅಮೆರಿಕದ ನಿಯಮಪುಸ್ತಕ ತಮಗೆ ಹೇಳಿಕೊಡಲಾರದು. ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನ ಮರದ ಬೊಡ್ಡೆಗಳು ಇಂದಿಗೂ ನೀರಿನಡಿ ನಿಂತಿವೆ. ಮಳೆಗಾಲದ ಕೊನೆಗೆ ಅವುಗಳ ಮೇಲೆ ಆಳ ನೀರು, ಬೇಸಿಗೆಯ ಹೊತ್ತಿಗೆ ಗೇಣುದ್ದ ನೀರು, ಆಮೇಲೆ ಬರೀ ಬೊಡ್ಡೆ. ಏಪ್ರಿಲ್-ಮೇನಲ್ಲಿ ನೀರು ಇಳಿದಾಗ ನಡೆದುಹೋಗಿ ಓಟದ ದಾರಿಯನ್ನು ಆರಿಸಿ, ಅಲ್ಲಿಯ ಬೊಡ್ಡೆಗಳ ಎತ್ತರ ಅಳೆದು ಗುರುತು ಹಾಕಿಕೊಳ್ಳಿ. ಪಂದ್ಯವನ್ನು ಜಲಾಶಯ ತುಂಬಿದ ಮೇಲೆ ಇಟ್ಟುಕೊಳ್ಳಿ. ಈ ವರ್ಷ ಆ ಅಳತೆಗೆ ಕಾಲ ಮಿಂಚಿದ್ದರೆ ಮುಂದಿನ ಬೇಸಿಗೆಯವರೆಗೆ ಕಾಯುವುದು ಒಳ್ಳೆಯದು.